ಗಡಿಗೆ ಒಳಗೆ ತಂದಿಟ್ಟ ಓದುಗರಿಗೆ

ಓದುಗರ ಪತ್ರ: "ನಮಸ್ಕಾರ. ನಿಮ್ಮ ಪತ್ರಿಕೆಯಲ್ಲಿ ವಾರವಾರವೂ ಬರುವ ಒಳ್ಳೆಯ ಮಾತುಗಳನ್ನು ತಪ್ಪದೆ ಓದುತ್ತೇನೆ. 'ದಿನಕ್ಕೊಂದು ಸಣ್ಣ ಉಪಕಾರ ಮಾಡಿ' ಎಂದು ಬರೆದಿದ್ದಿರಿ. ಅದನ್ನು ಓದಿ ಕಳೆದ ಬೇಸಿಗೆಯಲ್ಲಿ ನಮ್ಮ ಗೇಟಿನ ಒಳಗಡೆ ಕಟ್ಟೆಯ ಮೇಲೆ ಎರಡು ಗಡಿಗೆ ನೀರಿಟ್ಟೆ. ಹತ್ತು ದಿನಕ್ಕೆ ಲೋಟ ಕಾಣೆಯಾಯಿತು. ನೀರು ವಾಸನೆ ಬಂತು. ಸೊಳ್ಳೆಯಾಗುತ್ತದೆ ಎಂದು ಪಕ್ಕದ ಮನೆಯವರು ಬೇಜಾರು ಮಾಡಿಕೊಂಡರು. ಕುಡಿಯಲು ಬರುವವರೂ ಕಡಿಮೆಯಾದರು. ಗಡಿಗೆ ಒಳಗೆ ತಂದಿಟ್ಟುಬಿಟ್ಟೆ. ದಯೆಯ ಬಗ್ಗೆ ಬರೆಯುವುದು ಸುಲಭ ಸ್ವಾಮಿ, ನಡೆಸುವುದು ಕಷ್ಟ. ನಾನು ಎಲ್ಲಿ ತಪ್ಪಿದೆ?" (ಬಳ್ಳಾರಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಆಕ್ಷೇಪ ನ್ಯಾಯವಾದದ್ದು. 'ಉಪಕಾರ ಮಾಡಿ' ಎಂದು ಬರೆದವರು ಹೇಗೆ ಮಾಡಬೇಕೆಂಬುದನ್ನೂ ಬರೆಯಬೇಕಿತ್ತು. ಈ ವಾರ ಆ ಬಾಕಿ ತೀರಿಸುತ್ತೇವೆ.

ನೀವು ಮನಸ್ಸಿನಲ್ಲಿ ತಪ್ಪಿಲ್ಲ, ನಿರ್ವಹಣೆಯಲ್ಲಿ ತಪ್ಪಿದ್ದೀರಿ. ದಾರಿಹೋಕರಿಗೆ ಹೀಗೆ ಕುಡಿಯುವ ನೀರಿಡುವ ಜಾಗಕ್ಕೆ ಅರವಟ್ಟಿಗೆ ಎನ್ನುತ್ತಾರೆ. ಆ ಪದದ ಮೊದಲಲ್ಲಿರುವ 'ಅಱ' ಎಂದರೆ ಧರ್ಮ. ಹಳೆಯ ಶಾಸನಗಳಲ್ಲಿ ಅದು ಅರವಂಟಿಗೆ ಎಂದೂ ಕಾಣಿಸುತ್ತದೆ, ಅದನ್ನು ನಡೆಸಲೆಂದು ಭೂಮಿ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ನಾಲ್ಕು ಗಡಿಗೆ ಇಡಲು ಭೂಮಿ ಯಾಕೆ? ಗಡಿಗೆಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ನೀರು ಹೊರುವವರಿಗೆ ವರ್ಷವರ್ಷವೂ ಕೂಲಿ ಬೇಕು. ದಾನ ಕೊಟ್ಟವರಿಗೆ ಈ ಲೆಕ್ಕ ಗೊತ್ತಿತ್ತು. ಅರವಟ್ಟಿಗೆ ಇಡುವುದಲ್ಲ, ನಡೆಸುವುದು. ನೀರಿದೆ ಎಂದು ನಂಬಿ ಬಾಟಲಿ ಇಲ್ಲದೆ ಬಂದವರಿಗೆ ಮಧ್ಯಾಹ್ನ ಎರಡಕ್ಕೆ ಒಣಗಿದ ಗಡಿಗೆ ಸಿಕ್ಕರೆ, ಅಲ್ಲಿ ಗಡಿಗೆಯೇ ಇಲ್ಲದಿದ್ದುದಕ್ಕಿಂತ ಅದು ಕೆಟ್ಟದ್ದು.

ಹಾಗಾಗಿ ಮೊದಲು ಲೆಕ್ಕ. ಒಂದು ಲೋಟ 200 ಮಿಲಿಲೀಟರ್ ಎಂದುಕೊಳ್ಳಿ. ಬೀದಿಯಲ್ಲಿ ದಿನಕ್ಕೆ 40 ಮಂದಿ ಕುಡಿದರೆ 8 ಲೀಟರ್. ಆದರೆ ಈಗ ನೀರು ಹೆಚ್ಚು ಬೇಕಾಗುವುದು ಬಾಟಲಿಗೆ: ಪಾರ್ಸೆಲ್ ತರುವ ಹುಡುಗರು, ಪೌರಕಾರ್ಮಿಕರು, ಗಾರೆ ಕೆಲಸದವರು, ತಳ್ಳುಗಾಡಿಯ ಸೊಪ್ಪಿನವರು ನಿಂತು ಕುಡಿದು, ತುಂಬಿಸಿಕೊಂಡೂ ಹೋಗುತ್ತಾರೆ. ಹದಿನೈದು ಬಾಟಲಿಗೆ 15 ಲೀಟರ್. ಒಟ್ಟು 23. ನಿಮ್ಮ ಎರಡು ಗಡಿಗೆಗಳು ತಲಾ 12 ಲೀಟರಿನವಾದರೆ ಬೆಳಗ್ಗೆ ತುಂಬಿಸಿದ್ದು ಅಂದಿಗೆ ಸಾಕಾಗುತ್ತದೆ ಎನಿಸಬಹುದು. ಸಾಲದು. ಬಿಸಿಲೇರಿದಂತೆ ಕುಡಿಯುವವರು ಹೆಚ್ಚುತ್ತಾರೆ, ಅತಿ ಹೆಚ್ಚು ಸೆಕೆಯ ಹೊತ್ತಿಗೇ ನೀರು ತಳ ಸೇರುತ್ತದೆ. ಆಗ ತುಂಬಿಸಿದ ನೀರು ತಣಿಯಲು ಮೂರು ನಾಲ್ಕು ಗಂಟೆಯಾದರೂ ಬೇಕು. ಅದಕ್ಕೇ ಎರಡನ್ನೂ ಒಟ್ಟಿಗೆ ತೆರೆಯಬೇಡಿ. ಒಂದನ್ನು ರಾತ್ರಿ ಮಲಗುವ ಮುಂಚೆ ತುಂಬಿಸಿ, ಅದು ಬೆಳಗಿನ ಗಡಿಗೆ. ಇನ್ನೊಂದನ್ನು ಬೆಳಗ್ಗೆ ಏಳಕ್ಕೆ ತುಂಬಿಸಿ ಹಸಿ ಗೋಣಿ ಸುತ್ತಿ ಮುಚ್ಚಿಡಿ, ಹನ್ನೆರಡಕ್ಕೆ ತೆರೆಯಿರಿ. ಅದೇ ಹೊತ್ತಿಗೆ ಮೊದಲನೆಯದನ್ನು ತೊಳೆದು ಮತ್ತೆ ತುಂಬಿಸಿದರೆ ನಾಲ್ಕು ಗಂಟೆಯ ಹೊತ್ತಿಗೆ ಸಿದ್ಧ.

ಬಳ್ಳಾರಿ, ರಾಯಚೂರು, ಕಲಬುರಗಿಯ ಒಣ ಹವೆ ಮಣ್ಣಿನ ಗಡಿಗೆಗೆ ಹೇಳಿಮಾಡಿಸಿದ್ದು. ನೀರು ಸಣ್ಣ ರಂಧ್ರಗಳಿಂದ ಜಿನುಗಿ ಹೊರಮೈಯಲ್ಲಿ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದ್ದು ಒಂದೇ ಕ್ಯಾಲೊರಿ. ಹೊರಗಿನ ಬಿಸಿ ಒಳಬರದಿದ್ದರೆ 100 ಗ್ರಾಂ ಆವಿಯಾದರೂ 12 ಲೀಟರ್ ನೀರು ಹತ್ತಿರ ಹತ್ತಿರ ಐದು ಡಿಗ್ರಿ ತಣಿಯುತ್ತದೆ. ಆದ್ದರಿಂದ ನೆರಳು ಬೇಕು, ಗಾಳಿಯೂ ಬೇಕು. ಕಾಂಪೌಂಡಿನ ಮೂಲೆಯಲ್ಲಿ ಗಾಳಿಯಾಡದ ಕಡೆ ಇಟ್ಟರೆ ನೆರಳಿದ್ದರೂ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಬೇವಿನ ಅಥವಾ ಹೊಂಗೆಯ ಮರದ ಅಡಿ, ಕಬ್ಬಿಣದ ಮುಕ್ಕಾಲಿಯ ಮೇಲಿಟ್ಟರೆ ತಳಕ್ಕೂ ಗಾಳಿ ತಾಗುತ್ತದೆ. ಚೆಂದ ಕಾಣಲೆಂದು ಬಣ್ಣ ಬಳಿದ ಗಡಿಗೆ ತರಬೇಡಿ, ಬಣ್ಣ ರಂಧ್ರ ಮುಚ್ಚುತ್ತದೆ. ಮಂಗಳೂರು, ಕಾರವಾರದ ಓದುಗರು ಇದನ್ನು ಮಾಡಿ ನೀರು ಅಷ್ಟಾಗಿ ತಣಿಯಲಿಲ್ಲ ಎಂದರೆ ತಪ್ಪು ಅವರದಲ್ಲ. ಹವೆಯಲ್ಲೇ ತೇವ ತುಂಬಿರುವಾಗ ಗಡಿಗೆ ಬೆವರುವುದಾದರೂ ಹೇಗೆ? ಆ ಕಡೆ ಬಂದವರಿಗೆ ಬೆಲ್ಲ ನೀರು ಕೊಡುವ ರೂಢಿಯಿದೆ, ಅದನ್ನೇ ಬೀದಿಗೆ ತರಬಹುದು.

ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಲ್ಲಿ ಪೂರ್ತಿ ಮುಳುಗಿಸಿಡಿ. ಮೊದಲ ಎರಡು ದಿನದ ನೀರನ್ನು ಗಿಡಕ್ಕೆ ಹಾಕಿ, ಮಣ್ಣಿನ ವಾಸನೆ ಇಳಿಯುತ್ತದೆ.

ಈಗ ನಿಮ್ಮ ದೂರುಗಳಿಗೆ ಬರೋಣ. ವಾಸನೆ ಬಂದದ್ದು, ಹಳೆಯ ನೀರಿನ ಮೇಲೆ ಹೊಸ ನೀರು ಸುರಿದದ್ದರಿಂದ ಇರಬೇಕು. ಬಹಳ ಮಂದಿ ಹೀಗೇ ಮಾಡುತ್ತಾರೆ, ಉಳಿದದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಒಳಗೋಡೆಯಲ್ಲಿ ಲೋಳೆ ಕಟ್ಟುವುದು ಅಲ್ಲಿಂದಲೇ. ದಿನವೂ ಪೂರ್ತಿ ಬರಿದು ಮಾಡಿ, ತೆಂಗಿನ ನಾರಿನಿಂದ ಒಳಗೆಲ್ಲ ಉಜ್ಜಿ ತೊಳೆಯಿರಿ. ಸೋಪು ಬೇಡ, ಮಣ್ಣು ಅದನ್ನು ಹೀರಿಕೊಂಡು ಮರುದಿನದ ನೀರಿಗೆ ಬಿಡುತ್ತದೆ. ಲೋಟ ಅದ್ದಿ ತೆಗೆಯುವುದೂ ನೀರು ಕೆಡಲು ಕಾರಣ, ಹತ್ತು ಕೈಯ ಕೊಳೆ ಒಂದೇ ಗಡಿಗೆಗೆ ಇಳಿಯುತ್ತದೆ. ನಲ್ಲಿ ಕೂರಿಸಿದ ಗಡಿಗೆ ತನ್ನಿ. ನಲ್ಲಿಯ ಕೆಳಗೆ ಒಂದು ಲೀಟರಿನ ಬಾಟಲಿ ನೆಟ್ಟಗೆ ನಿಲ್ಲುವಷ್ಟು, ಅಂದರೆ 35 ಸೆಂಟಿಮೀಟರ್ ಜಾಗ ಬಿಡಿ. ವಾಷರ್ ಸಡಿಲವಾಗಿ ತೊಟ್ಟಿಕ್ಕುವುದು ಮಾಮೂಲು, ಕೆಳಗೊಂದು ಬಕೆಟ್ ಇಟ್ಟು ಆ ನೀರನ್ನು ಮರಕ್ಕೆ ಹಾಕಿ. ಇನ್ನು ನೀರು: ಕುದಿಸಿ ಆರಿಸಿದ್ದು, ಇಲ್ಲವೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ತುಂಬಿಸಿದರೆ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟಿ ಗಡಿಗೆ ಬೇಗ ಕುರುಡಾಗುತ್ತದೆ.

ಪಕ್ಕದ ಮನೆಯವರ ಮಾತನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಸುತ್ತಲಿನ ತಿಳಿನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆ ಮೊಟ್ಟೆಗಳು ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿಸಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರಿದು ಮಾಡಿದರಷ್ಟೇ ಸಾಲದು, ಉಜ್ಜಬೇಕು ಎನ್ನುವುದು ಇದಕ್ಕೇ. ಬಾಯಿಗೆ ತೆಳು ಬಟ್ಟೆ ಬಿಗಿದು ಮೇಲೆ ಮುಚ್ಚಳ ಇಡಿ. ಹಕ್ಕಿಗಳಿಗೆಂದು ಇಡುವ ಬಟ್ಟಲಿಗೂ ಕೆಳಗಿನ ಬಕೆಟ್ಟಿಗೂ ಇದೇ ಉಜ್ಜಾಟ ಬೇಕು. ಈ ಕ್ರಮವನ್ನು ಪಕ್ಕದ ಮನೆಯವರಿಗೆ ತೋರಿಸಿ, ವಾರದಲ್ಲಿ ಒಂದು ದಿನ ನೀವು ತುಂಬಿಸುತ್ತೀರಾ ಎಂದು ಕೇಳಿ. ಅರವಟ್ಟಿಗೆ ನಿಲ್ಲುವುದು ಬಹುಪಾಲು ನಡೆಸುವವರ ಬೆನ್ನು ಸೋತಾಗ. ವಾರದ ಏಳು ದಿನವನ್ನು ಏಳು ಮನೆಯವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೇ ಸರದಿ. ಊರಿಗೆ ಹೋಗುವವರು ಮೊದಲೇ ಹೇಳಿ ದಿನ ಬದಲಿಸಿಕೊಳ್ಳಬಹುದು.

ಲೋಟ ಹೋದದ್ದಕ್ಕೆ ಬಹಳ ನೊಂದಿದ್ದೀರಿ. ನಾಲ್ಕು ಲೋಟ ಹೆಚ್ಚುವರಿ ತಂದಿಡಿ, ತಿಂಗಳಿಗೊಂದು ಹೋಗುತ್ತದೆ ಎಂದು ಖರ್ಚಿನಲ್ಲೇ ಸೇರಿಸಿಕೊಳ್ಳಿ. ಸರಪಳಿ ಮಾತ್ರ ಹಾಕಬೇಡಿ. ಸರಪಳಿ ಕಂಡವರಿಗೆ ಮೊದಲು ತಿಳಿಯುವುದು ತಮ್ಮನ್ನು ನಂಬಿಲ್ಲ ಎಂಬುದು, ನೀರು ಸಿಹಿಯಾಗುವುದು ಆಮೇಲಿನ ಮಾತು. ಕುಡಿಯುವವರು ಕಡಿಮೆಯಾದುದಕ್ಕೆ ನಮ್ಮ ಊಹೆ ಗೇಟಿನ ಮೇಲೆ. ಗೇಟು ತೆಗೆದು ಒಳಬರಬೇಕು ಎಂದರೆ ಕೇಳಬೇಕು, ಕೇಳಬೇಕು ಎಂದರೆ ಸಂಕೋಚ. ಗಡಿಗೆಯನ್ನು ಹೊರಗೆ, ನಡೆಯುವವರಿಗೆ ಅಡ್ಡವಾಗದಂತೆ ಇಡಿ. ದಾನಿಗಳ ಹೆಸರಿನ ಫಲಕದ ಬದಲು ಒಂದು ಸ್ಲೇಟು ತೂಗುಹಾಕಿ, ಬಳಪದಲ್ಲಿ 'ಕುಡಿಯುವ ನೀರು, ಇಂದು ಬೆಳಗ್ಗೆ 7ಕ್ಕೆ ತುಂಬಿಸಿದ್ದು' ಎಂದು ಬರೆಯಿರಿ. ಅಪರಿಚಿತ ನೀರಿಗೆ ಬಾಯಿ ಹಾಕಲು ಧೈರ್ಯ ಕೊಡುವುದು ಆ ಹೊತ್ತಿನ ಗುರುತು.

ಇಲ್ಲೊಂದು ಮಾತನ್ನು ನೇರವಾಗಿಯೇ ಹೇಳಬೇಕು. ನಮ್ಮ ನೆಲದಲ್ಲಿ ನೀರು ಕೊಡುತ್ತಲೇ ಅವಮಾನವನ್ನೂ ಕೊಟ್ಟಿದ್ದೇವೆ. ಕೆಲವರ ಕೈಗೆ ಲೋಟ, ಕೆಲವರ ಬೊಗಸೆಗೆ ಮೇಲಿನಿಂದ ಸುರಿದ ಧಾರೆ. ಡಾ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ, ದಲಿತರನ್ನು ದೂರವಿಟ್ಟಿದ್ದ ಮಹಾರಾಷ್ಟ್ರದ ಮಹಾಡದ ಚೌದಾರ್ ಕೆರೆಗೆ ಹೋಗಿ ನೀರು ಕುಡಿದದ್ದು ಬರೀ ಬಾಯಾರಿಕೆಗಲ್ಲ. ಬಾವಿ, ಕೆರೆಗಳ ಬಳಕೆಯಲ್ಲಿ ಭೇದ ಸಲ್ಲದು ಎಂದು ಸಂವಿಧಾನದ 15ನೇ ವಿಧಿಯಲ್ಲಿ ಬರೆಯಬೇಕಾಗಿ ಬಂತು. ನಲ್ಲಿಯ ಗಡಿಗೆಯನ್ನು ನಾವು ಒತ್ತಿ ಹೇಳುವುದಕ್ಕೆ ಇದೂ ಕಾರಣ: ಯಾರೂ ಯಾರಿಗೂ ಸುರಿಯುವುದಿಲ್ಲ, ತಾವೇ ತಿರುಗಿಸಿ ಕುಡಿಯುತ್ತಾರೆ. ಕಸ ಒಯ್ಯಲು ಬಂದವರಿಗೆ ಬೇರೆ ಲೋಟ ಎತ್ತಿಡುವ ಮನೆ ಅರವಟ್ಟಿಗೆ ಇಡದಿದ್ದರೂ ನಡೆದೀತು.

ಹಬ್ಬ, ಜಾತ್ರೆಯ ದಿನ ಮಜ್ಜಿಗೆ ಕೊಡುವ ಆಸೆಯಿದ್ದರೆ, ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ನೀರು, ಸಮ ಮಾಡಿದ ನಾಲ್ಕು ಟೀ ಚಮಚ ಉಪ್ಪು, ಹೆಬ್ಬೆರಳಿನಷ್ಟು ಶುಂಠಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಇಂಗು. 25 ಲೋಟವಾಗುತ್ತದೆ. ಹತ್ತಕ್ಕೆ ಕಡೆದದ್ದು ಒಂದು ಗಂಟೆಗೆ ಹುಳಿಯೇರುವುದರಿಂದ ಎರಡು ಸಲವಾಗಿ ಮಾಡಿ. ಕಲಾಯಿ ಹಾಕದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆಯನ್ನಾಗಲಿ ನಿಂಬೆ ಹಿಂಡಿದ ಪಾನಕವನ್ನಾಗಲಿ ಇಡಬೇಡಿ, ಕಿಲುಬು ಇಳಿಯುತ್ತದೆ. ಮೀನು ಕೆಡದಿರಲು ಬಳಸುವ ಐಸ್ ಗಟ್ಟಿಯನ್ನು ಕುಡಿಯುವುದಕ್ಕೆ ಹಾಕಲೇಬಾರದು. ಪಾನಕ ಕೊಡುವ ದಿನವೂ ಪಕ್ಕದಲ್ಲಿ ಬರೀ ನೀರು ಇರಲಿ, ಸಕ್ಕರೆ ಕಾಯಿಲೆಯವರು ಹಾಗೇ ತಿರುಗಿ ಹೋಗಬಾರದು.

ಬಿಸಿಲಿಗೆ ಬಂದವರು ತಡವರಿಸುತ್ತಿದ್ದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಕೊಟ್ಟರೆ, ಅದು ಬರೀ ದಾಹವಲ್ಲ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಇಳಿದೀತು. ನೆರಳಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಕೂಡಲೇ 108ಕ್ಕೆ ಕರೆ ಮಾಡಿ.

ನೀವು ಒಳಗೆ ತಂದಿಟ್ಟ ಗಡಿಗೆಗಳನ್ನು ಎಸೆದಿಲ್ಲ ಎಂದುಕೊಂಡಿದ್ದೇವೆ. ಇವತ್ತು ನಾರಿನಿಂದ ಉಜ್ಜಿ, ರಾತ್ರಿ ನೆನೆಹಾಕಿ, ನಾಳೆ ನೀರು ತುಂಬಿಸಿ ನೆರಳಲ್ಲಿ ಆರು ಗಂಟೆ ಬಿಡಿ. ಆಮೇಲೆ ಹೊರಮೈ ಮುಟ್ಟಿ ನೋಡಿ. ಒಣಗಿದ್ದರೆ ರಂಧ್ರ ಕಟ್ಟಿಕೊಂಡಿದೆ, ಮಣ್ಣು ತುಂಬಿಸಿ ತುಳಸಿ ನೆಡಿ. ಬೆವರಿದ್ದರೆ, ಈ ಸಲ ಗೇಟಿನ ಹೊರಗಿಡಿ.