ಕೊಟ್ಟಿಗೆಯ ಇಲಿಗಳನ್ನು ರಾತ್ರಿ ಏರ್ ರೈಫಲ್‌ನಿಂದ ಹೊಡೆಯುವ ಬಗ್ಗೆ

ಕುಮಟಾ ಸಮೀಪದ ತೋಟದ ಮನೆಯಿಂದ ನೀವು ಕೇಳಿರುವುದು ಇಷ್ಟು: ಕೊಟ್ಟಿಗೆಯ ಅಟ್ಟದಲ್ಲಿ ಕತ್ತಲಾದ ಕೂಡಲೇ ಇಲಿಗಳ ಓಡಾಟ ಶುರುವಾಗುತ್ತದೆ, ಹಿಂಡಿಯ ಚೀಲಗಳೆಲ್ಲ ತೂತಾಗಿವೆ, ಬೋನಿಗೆ ಬೀಳುವುದು ನಿಂತುಹೋಗಿದೆ, ಮನೆಯಲ್ಲಿ ಚಿಕ್ಕ ಮಕ್ಕಳೂ ನಾಯಿಯೂ ಇರುವುದರಿಂದ ವಿಷ ಇಡಲು ಮನಸ್ಸಿಲ್ಲ. ಏರ್ ರೈಫಲ್ ತಂದು ರಾತ್ರಿ ಹೊಡೆದರೆ ಹತೋಟಿಗೆ ಬರುತ್ತವೆಯೇ, ಪರವಾನಗಿ ಬೇಕೇ, ಯಾವ ಬೆಳಕು ಒಳ್ಳೆಯದು, ತೆಂಗಿನ ಮರದ ಇಲಿಗೂ ಇದೇ ಉಪಾಯ ನಡೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ದೇವಿಮನೆ ಘಟ್ಟದ ಮೇಲಿನವನು, ಶಿರಸಿ ಕಡೆಯ ಅಡಿಕೆ ಬೆಳೆಗಾರ. ಆರು ವರ್ಷಗಳಿಂದ ನಮ್ಮ ಕೊಟ್ಟಿಗೆಯಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಮೊದಲ ವರ್ಷವನ್ನು ತಪ್ಪು ಮಾಡುವುದರಲ್ಲೇ ಕಳೆದೆ. ಆ ತಪ್ಪುಗಳು ನಿಮ್ಮಿಂದ ಆಗಬಾರದು ಎಂಬ ಕಾರಣಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ .177 ಇಂಚು, ಅಂದರೆ 4.5 ಮಿ.ಮೀ. ಮೀರದ, ಪೆಲೆಟ್ ಹೊರಡುವಾಗಿನ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಪರವಾನಗಿ ಬೇಡ; .22 ಇಂಚಿನದಕ್ಕೆ ಬೇಕು. ಇಲಿಯ ಮಟ್ಟಿಗೆ 20 ಜೂಲ್ ಕೂಡ ಅನಗತ್ಯ. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್ ಆಗುತ್ತದೆ. ಕೊಟ್ಟಿಗೆಯ ಒಳಗಿನ ದೂರಕ್ಕೆ ಅದು ಧಾರಾಳವಾಗಿ ಸಾಕು. ಆದ್ದರಿಂದ ಹೆಚ್ಚು ಬಲದ ರೈಫಲ್‌ಗೆ ಹಣ ಸುರಿಯಬೇಡಿ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಸಾಮಾನ್ಯ ರೈಫಲ್ಲೇ ಸಾಕು. ಮಿಕ್ಕ ಹಣದಲ್ಲಿ ನಾಲ್ಕಾರು ಡಬ್ಬಿ ಪೆಲೆಟ್ ತಂದು ಹಗಲಿನಲ್ಲಿ ಗುರಿಯ ಅಭ್ಯಾಸ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಸದ್ದು ಬಂದ ಕಡೆಗೆಲ್ಲ ರೈಫಲ್ ತಿರುಗಿಸುತ್ತಾ, ತೊಲೆಯ ಮೇಲೆ ಓಡುವ ಇಲಿಗೆ ಹೊಡೆಯುವುದು. ಒಂದು ವಾರದಲ್ಲಿ ಸಿಕ್ಕಿದ್ದು ಎರಡು ಇಲಿ. ಮೂರನೆಯದು ಗಾಯಗೊಂಡು ಗೋಡೆಯ ಸಂದಿಗೆ ಹೊಕ್ಕು ಸತ್ತು, ಅದರ ನಾತ ಎಂಟು ದಿನ ಹೋಗಲಿಲ್ಲ. ಒಂದು ಪೆಲೆಟ್ ಮಾಡಿನ ಹೆಂಚಿಗೆ ಬಡಿದಿತ್ತು. ಆಗ ಕಣ್ಣಿಗೆ ಕಾಣದ ಸೀಳು ಜೂನ್ ತಿಂಗಳ ಮಳೆಯಲ್ಲಿ ಬಾಯಿ ಬಿಟ್ಟು, ಕೆಳಗಿದ್ದ ಬತ್ತದ ಚೀಲ ನೆನೆದು ಮೊಳಕೆ ಬಂತು. ಇನ್ನೊಂದು ಪೆಲೆಟ್ ಚಿರೆಕಲ್ಲಿನ ಗೋಡೆಗೆ ತಾಗಿ ಹಿಂದಕ್ಕೆ ಸಿಡಿದು ನನ್ನ ಮೊಣಕಾಲಿನ ಕೆಳಗೆ ಹೊಡೆಯಿತು. ಚರ್ಮ ಹರಿಯಲಿಲ್ಲ, ನೀಲಿಗಟ್ಟಿತು ಅಷ್ಟೆ. ಆದರೆ ಅದು ಕಣ್ಣಿನ ಎತ್ತರಕ್ಕೆ ಬಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ನಾನು ಇಲಿಯ ಹಿಂದೆ ಹೋಗುವುದನ್ನು ಬಿಟ್ಟು, ಇಲಿ ನನ್ನ ಮುಂದೆ ಬಂದು ಕೂರುವಂತೆ ಮಾಡುವುದು ಹೇಗೆಂದು ನೋಡತೊಡಗಿದೆ.

ಅದಕ್ಕೆ ಬೇಕಾದದ್ದು ಕದಲದ ಒಂದು ಜಾಗ, ಅಳೆದ ಒಂದು ದೂರ ಮತ್ತು ಗುರಿಯ ಹಿಂದೆ ಪೆಲೆಟ್ಟನ್ನು ನುಂಗುವ ಒಂದು ಆಸರೆ. ಇಲಿ ನಡುಬಯಲಿನಲ್ಲಿ ಓಡಾಡುವ ಪ್ರಾಣಿಯಲ್ಲ; ಮೀಸೆ ಗೋಡೆಗೆ ತಾಗುವಂತೆ ಅಂಚಿನಲ್ಲೇ ಹೋಗುತ್ತದೆ, ದಿನವೂ ಅದೇ ದಾರಿಯಲ್ಲಿ ಹೋಗುತ್ತದೆ. ಅದರ ಮೈಯ ಜಿಡ್ಡು ತಾಗಿ ತೊಲೆಯ ಮೇಲೂ ಗೋಡೆಯ ಬುಡದಲ್ಲೂ ಕಪ್ಪು ಪಟ್ಟೆ ಬಿದ್ದಿರುತ್ತದೆ, ಹಗಲಿನಲ್ಲಿ ಹುಡುಕಿದರೆ ಕಾಣುತ್ತದೆ. ಅಂಥ ಒಂದು ದಾರಿ ನೆಲಕ್ಕೆ ಇಳಿಯುವಲ್ಲಿ ನಾನು ಹಲಸಿನ ಹಲಗೆಯ ತುಂಡೊಂದನ್ನು ಇಟ್ಟಿದ್ದೇನೆ. ಹಲಗೆಗೆ ಬೈರಿಗೆಯಿಂದ ಹೆಬ್ಬೆರಳು ದಪ್ಪದ ಎರಡು ಕುಳಿ ಕೊರೆದು, ಹುರಿದ ಶೇಂಗಾವನ್ನು ಬೆಲ್ಲದ ಜೊತೆ ಅರೆದು ಅದರೊಳಗೆ ಒತ್ತಿ ತುಂಬುತ್ತೇನೆ. ಸುಟ್ಟ ಕೊಬ್ಬರಿಯ ತುಂಡು ಬೋನಿಗೆ ಒಳ್ಳೆಯದೇ, ಆದರೆ ಇಲ್ಲಿ ಅದನ್ನಿಟ್ಟರೆ ಇಲಿ ಕಚ್ಚಿಕೊಂಡು ಓಡಿಬಿಡುತ್ತದೆ. ಕುಳಿಯಲ್ಲಿ ಒತ್ತಿದ ಉಂಡೆಯನ್ನು ಹೊತ್ತೊಯ್ಯಲಾಗದೆ ಅಲ್ಲೇ ಕೂತು ಕೆರೆಯಬೇಕಾಗುತ್ತದೆ. ಹಲಗೆಯ ಹಿಂದೆ ಮರಳು ತುಂಬಿದ ಎರಡು ಗೋಣಿಚೀಲಗಳನ್ನು ಒಂದರ ಮೇಲೊಂದು ಇಟ್ಟಿದ್ದೇನೆ. ಬರಿಯ ಗೋಡೆ ಆಸರೆಯಲ್ಲ, ಅದು ಸಿಡಿಸುತ್ತದೆ.

ನಾನು ಕೂರುವ ಮೊಳಕಾಲೆತ್ತರದ ಮಣೆ ಆ ಹಲಗೆಯಿಂದ ಟೇಪು ಹಿಡಿದು ಅಳೆದ 8 ಮೀಟರ್ ದೂರದಲ್ಲಿದೆ. ಈ ಅಳತೆಗೆ ಕಾರಣವಿದೆ. ರೈಫಲ್ ಮೇಲಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ನಳಿಗೆಗಿಂತ ಸುಮಾರು 4 ಸೆಂ.ಮೀ. ಎತ್ತರದಲ್ಲಿ ಕೂತಿರುವುದರಿಂದ, 25 ಮೀಟರಿಗೆ ಸರಿಮಾಡಿದ ಸ್ಕೋಪಿನಲ್ಲಿ ನೋಡಿ 4 ಮೀಟರಿನ ಗುರಿಗೆ ಹೊಡೆದರೆ ಪೆಲೆಟ್ ಹೆಚ್ಚುಕಡಿಮೆ 2 ಸೆಂ.ಮೀ. ಕೆಳಗೆ ಬೀಳುತ್ತದೆ. ಇಲಿಯ ಕಣ್ಣಿಗೂ ಕಿವಿಗೂ ನಡುವೆ ಅಷ್ಟೂ ಜಾಗವಿಲ್ಲ. ತಲೆಗೆ ಇಟ್ಟ ಗುರಿ ದವಡೆಗೋ ಮುಂಗಾಲಿಗೋ ತಾಗಿ, ಪ್ರಾಣಿ ನರಳುತ್ತಾ ಓಡುತ್ತದೆ. ಹಾಗಾಗಿ ನೀವು ಯಾವ ದೂರದಲ್ಲಿ ಕೂರುತ್ತೀರೋ ಅದೇ ದೂರಕ್ಕೆ, ರಾತ್ರಿ ಬಳಸುವ ಪೆಲೆಟ್ಟಿನಿಂದಲೇ, ಕಾಗದದ ಮೇಲೆ ರೂಪಾಯಿ ನಾಣ್ಯದಷ್ಟು ವೃತ್ತ ಬರೆದು ಸರಿಮಾಡಿಕೊಳ್ಳಿ. ಹತ್ತಕ್ಕೆ ಹತ್ತೂ ಆ ವೃತ್ತದೊಳಗೆ ಬೀಳುವವರೆಗೆ ಜೀವದ ಮೇಲೆ ಗುರಿ ಇಡಬೇಡಿ. ಇಲಿಯೂ ನೋವು ತಿನ್ನುವ ಜೀವವೇ.

ಬೆಳಕಿನ ವಿಷಯದಲ್ಲಿ ನನ್ನ ಸಲಹೆ ಸರಳವಾಗಿದೆ: ದೇವರ ಕೋಣೆಗೆ ಹಾಕುವ ಕೆಂಪು ಜೀರೋ ಬಲ್ಬ್ ಸಾಕು. ಇಲಿಯ ಕಣ್ಣಿಗೆ ಕೆಂಪು ಬೆಳಕು ಬಹಳ ಮಂಕಾಗಿ ಕಾಣುತ್ತದೆ, ನಮಗೆ ಹಲಗೆಯ ಮೇಲಿರುವುದು ಸ್ಪಷ್ಟವಾಗಿ ತೋರುತ್ತದೆ. ಫಕ್ಕನೆ ಹೊತ್ತಿಸಿದ ಬಿಳಿ ಟಾರ್ಚಿಗೆ ಇಲಿ ಒಂದು ಕ್ಷಣ ಕಲ್ಲಿನಂತೆ ನಿಂತು ಮರುಕ್ಷಣ ಮಾಯವಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಇಲಿ ಹೊಸ ವಸ್ತುವನ್ನು ಕಂಡರೆ ಅನುಮಾನಿಸುತ್ತದೆ. ಬೋನಿಗೆ ಬೀಳದಿರುವುದಕ್ಕೂ ಅನೇಕ ಸಲ ಇದೇ ಕಾರಣ. ಆದ್ದರಿಂದ ಬಲ್ಬು, ಹಲಗೆ, ಮರಳಿನ ಚೀಲ ಮೂರನ್ನೂ ಇಟ್ಟು ನಾಲ್ಕೈದು ರಾತ್ರಿ ರೈಫಲ್ ಇಲ್ಲದೆ ಸುಮ್ಮನೆ ಬಿಡಿ. ಬೆಳಿಗ್ಗೆ ಕುಳಿ ನೆಕ್ಕಿ ಖಾಲಿಯಾಗಿದ್ದರೆ ಅವು ಒಪ್ಪಿಕೊಂಡಿವೆ ಎಂದರ್ಥ.

ನಾನು ಕೂರುವುದು ದನಗಳಿಗೆ ಹುಲ್ಲು ಹಾಕಿ, ಅವು ಮಲಗಿ ಮೆಲುಕು ಹಾಕತೊಡಗಿದ ಮೇಲೆ, ಎಂಟೂವರೆಯ ಸುಮಾರಿಗೆ. ಮೊದಲು ಮಾಡಿನ ಪಕಾಸಿನ (ಹೆಂಚು ಹೊರುವ ಮರದ ಪಟ್ಟಿಯ) ಮೇಲೆ ಸಣ್ಣಗೆ ಕೆರೆದ ಸದ್ದು ಬರುತ್ತದೆ. ಆಮೇಲೆ ಗೋಡೆಯ ಅಂಚಿನಲ್ಲಿ ಮೂತಿ ಮಾತ್ರ ಕಾಣುತ್ತದೆ, ಮೀಸೆ ಅಲ್ಲಾಡುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಹಲಗೆ ಹತ್ತಿದ ಮೇಲೂ ಅವಸರ ಮಾಡಬಾರದು. ಕುಳಿಗೆ ಮೂತಿ ಇಟ್ಟು, ಹಿಂಗಾಲಿನ ಮೇಲೆ ಭಾರ ಹಾಕಿ, ಪಕ್ಕೆ ನಮ್ಮ ಕಡೆಗೆ ತಿರುಗಿದಾಗ ಅದರ ಕಿವಿ ಒಂದು ಸಣ್ಣ ಎಲೆಯಂತೆ ಬೆಳಕಿಗೆ ಎದ್ದು ತೋರುತ್ತದೆ. ಗುರಿ ಕಣ್ಣು ಮತ್ತು ಕಿವಿಯ ನಡುವೆ, ಕಿವಿಗೆ ತುಸು ಹತ್ತಿರ. ಸರಿಯಾಗಿ ಬಿದ್ದರೆ ಅದು ಅಲ್ಲೇ ಮಗುಚುತ್ತದೆ. ಕೂಡಲೇ ಎದ್ದು ಹೋಗಬೇಡಿ. ಕಾಲು ಗಂಟೆ ಅಲುಗದೆ ಕೂತರೆ ಇನ್ನೊಂದು ಬರುವುದುಂಟು. ಒಂದೇ ರಾತ್ರಿ ಐದು ಸಿಕ್ಕಿದ್ದು ನನ್ನ ಪಾಲಿಗೆ ಒಮ್ಮೆ ಮಾತ್ರ. ಸಾಮಾನ್ಯವಾಗಿ ಒಂದೋ ಎರಡೋ, ಎಷ್ಟೋ ರಾತ್ರಿ ಏನೂ ಇಲ್ಲ.

ಬರಿಯ ಕಣ್ಣಿನ ಹೊಳಪನ್ನು ನೋಡಿ ಎಂದಿಗೂ ಹೊಡೆಯಬೇಡಿ. ಮೊದಲ ವರ್ಷವೇ ಒಂದು ರಾತ್ರಿ ತೊಲೆಯ ತುದಿಯಲ್ಲಿ ಎರಡು ಕಣ್ಣು ಹೊಳೆದವು. ದೊಡ್ಡ ಹೆಗ್ಗಣವೆಂದು ಬೆರಳನ್ನು ರೈಫಲ್ಲಿನ ಕುದುರೆಗೆ (ಟ್ರಿಗರ್‌ಗೆ) ಇಟ್ಟಿದ್ದೆ. ಅಷ್ಟರಲ್ಲಿ ಅದು ತಿರುಗಿತು, ಮಾರುದ್ದದ ಬಾಲ ಇಳಿಬಿತ್ತು. ಅದು ಮಾಡಿನಲ್ಲಿ ಮನೆ ಮಾಡಿಕೊಂಡಿದ್ದ ಕಬ್ಬೆಕ್ಕು. ನಮ್ಮ ಜಿಲ್ಲೆಯಲ್ಲಿ ಮನೆಯ ಹಿತ್ತಿಲೇ ಕಾಡಿನ ಅಂಚು. ಕಬ್ಬೆಕ್ಕು, ಕಾಡುಪಾಪ, ಗೂಬೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಗೂಬೆ ಮತ್ತು ಕೇರೆಹಾವಂತೂ ನಮಗಿಂತ ಹೆಚ್ಚು ಇಲಿ ಹಿಡಿಯುತ್ತವೆ. ಇದೇ ಕಾರಣಕ್ಕೆ ರಾತ್ರಿ ರೈಫಲ್ ಹಿಡಿದು ಸೊಪ್ಪಿನ ಬೆಟ್ಟಕ್ಕೋ ಗದ್ದೆಯಂಚಿಗೋ ಹೋಗಬೇಡಿ. ಅಲ್ಲಿ ಬ್ಯಾಟರಿ ಮತ್ತು ರೈಫಲ್ ಜೊತೆ ಕಂಡವನನ್ನು ಅರಣ್ಯ ಇಲಾಖೆಯವರು ಬೇಟೆಗಾರನೆಂದು ತಿಳಿದರೆ ತಪ್ಪು ಅವರದಲ್ಲ.

ಗುರಿಯ ಸಾಲಿನಲ್ಲಿ ದನ, ಕರೆಂಟಿನ ವೈರು, ಗೋಬರ್ ಗ್ಯಾಸಿನ ಪೈಪು ಯಾವುದೂ ಇರಬಾರದು. ರೈಫಲ್ಲಿನ ಸದ್ದಿಗೆ ಎಳಗರು ಬೆದರುವುದರಿಂದ ಅದನ್ನು ಆಚೆ ತುದಿಗೆ ಕಟ್ಟಿ. ನೀವು ಕೂತಿರುವಾಗ ಕೊಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಮನೆಯವರೆಲ್ಲರಿಗೂ ಹೇಳಿಯೇ ಕೂರಿ. ಮಕ್ಕಳಿರುವ ಮನೆಯಲ್ಲಿ ರೈಫಲ್ ಮತ್ತು ಪೆಲೆಟ್ ಬೇರೆ ಬೇರೆ ಕಡೆ, ಬೀಗದೊಳಗೆ ಇರಬೇಕು.

ಇಷ್ಟರಿಂದ ಇಲಿ ಹತೋಟಿಗೆ ಬರುತ್ತದೆಯೇ ಎಂದರೆ, ರೈಫಲ್ ಒಂದರಿಂದಲೇ ಬರುವುದಿಲ್ಲ. ಹೆಣ್ಣಿಲಿ ಮೂರು ವಾರ ಗರ್ಭ ಧರಿಸಿ ಒಂದು ಸಲಕ್ಕೆ ಐದರಿಂದ ಹತ್ತು ಮರಿ ಹಾಕುತ್ತದೆ, ಆ ಮರಿಗಳು ಮೂರು ತಿಂಗಳ ಹೊತ್ತಿಗೆ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ತಿನ್ನಲು ಹಿಂಡಿ ತೆರೆದು ಬಿದ್ದಿರುವವರೆಗೆ ನೀವು ತಿಂಗಳಿಗೆ ಹದಿನೈದು ಹೊಡೆದರೂ ಆ ಜಾಗ ಖಾಲಿಯಾಗುವುದಿಲ್ಲ. ನಮ್ಮಲ್ಲಿ ನಿಜವಾಗಿ ಕಡಿಮೆಯಾದದ್ದು ಹಿಂಡಿಯನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹಾಕಿ, ಬತ್ತದ ಚೀಲಗಳನ್ನು ಗೋಡೆ ಬಿಟ್ಟು ಒಂದೂವರೆ ಅಡಿ ಎತ್ತರದ ಅಟ್ಟಣಿಗೆಗೆ ಏರಿಸಿ, ತೂತುಗಳನ್ನು ಗಾಜಿನ ಚೂರು ಬೆರೆಸಿದ ಗಾರೆಯಿಂದ ಮುಚ್ಚಿದ ಮೇಲೆ. ಅರ್ಧ ಇಂಚಿನ ಸಂದಿಯಿದ್ದರೂ ಎಳೆಯ ಇಲಿ ನುಸುಳುತ್ತದೆ ಎಂಬುದು ನೆನಪಿರಲಿ. ಜೊತೆಗೆ ಬೋನುಗಳನ್ನು ಮೂರು ರಾತ್ರಿ ಬಾಗಿಲು ಕಟ್ಟಿ, ಬೀಳದಂತೆ ಮಾಡಿ ಉಣ್ಣಿಸಿ, ನಾಲ್ಕನೆಯ ರಾತ್ರಿ ಹೂಡಿ. ಹೆಚ್ಚಿನವು ಅದರಲ್ಲೇ ಸಿಗುತ್ತವೆ. ಅಷ್ಟಾದರೂ ಬೋನಿಗೆ ಬಾರದೆ ಉಳಿದ ನಾಲ್ಕಾರು ಹಳೆಯ ಇಲಿಗಳಿಗೆ ರೈಫಲ್ ತಕ್ಕ ಸಾಧನ. ಅಡಿಪಾಯದ ಕೆಳಗೆ ಬಿಲ ತೋಡಿ ಮಣ್ಣು ಗುಡ್ಡೆ ಹಾಕುವ ಹೆಗ್ಗಣಕ್ಕೆ ಬಿಲದ ಬಾಯಲ್ಲಿ ದೊಡ್ಡ ಬೋನು ಇಡುವುದೇ ಮೇಲು.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಮಳೆಗಾಲದಲ್ಲಿ ಬರಿಗಾಲಿನ ಗಾಯವೇ ಅದಕ್ಕೆ ದಾರಿ; ಕಾಡಂಚಿನ ಇಲಿಗಳ ಮೈಯಲ್ಲಿ ಉಣುಗು ಕೂಡ ಇರುತ್ತವೆ, ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಡಿಸಿಕೊಂಡು ಎತ್ತಿ, ಎರಡಡಿ ಆಳಕ್ಕೆ ಹುಗಿಯುತ್ತೇನೆ. ಗೊಬ್ಬರದ ಗುಂಡಿಗೆ ಎಸೆದರೆ ಅದರೊಳಗಿನ ಸೀಸ ನಾಯಿಯ, ಗೂಬೆಯ ಹೊಟ್ಟೆ ಸೇರುತ್ತದೆ. ಈ ಕೆಲಸ ಮಾಡಿದ ಮೇಲೆ ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ಇಲಿಯ ಒಡನಾಟವಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು ತೆಂಗಿನ ಮರದ ಇಲಿಗೆ ರೈಫಲ್ ಬೇಡವೇ ಬೇಡ. ಮೇಲಕ್ಕೆ ಹಾರಿಸಿದ ಪೆಲೆಟ್ ಯಾರ ಅಂಗಳಕ್ಕೆ ಬೀಳುತ್ತದೆಂದು ಹೇಳಲಾಗದು, ನಿಮ್ಮ ಕರಾವಳಿಯಲ್ಲಿ ಮನೆಗಳೂ ಹತ್ತಿರ ಹತ್ತಿರ. ನೆಲದಿಂದ ಆರೇಳು ಅಡಿ ಎತ್ತರದಲ್ಲಿ ಕಾಂಡದ ಸುತ್ತ ಒಂದೂವರೆ ಅಡಿ ಅಗಲದ ನುಣುಪಾದ ತಗಡು ಹೊಡೆಸಿ. ಪಕ್ಕದ ಮರದ ಗರಿ ತಾಗುತ್ತಿದ್ದರೆ ಅದನ್ನು ಕಡಿಸಿ, ಇಲ್ಲವಾದರೆ ಇಲಿ ಗರಿಯಿಂದ ಗರಿಗೆ ದಾಟಿಕೊಂಡು ಬರುತ್ತದೆ.