ಒಬ್ಬರ ಬಾಕಿ ಮತ್ತೊಬ್ಬರಿಗೆ ಹೋದದ್ದೇಕೆ?

ಪ್ರಶ್ನೆ: ನಮ್ಮದು ಸಣ್ಣ ಕಾಲೇಜು. ಶುಲ್ಕ ಬಾಕಿ ಇರುವ ವಿದ್ಯಾರ್ಥಿಗಳ ಎಕ್ಸೆಲ್ ಪಟ್ಟಿಯನ್ನು ಓದಿ ಎಲ್ಲರಿಗೂ ಇಮೇಲ್ ಕಳುಹಿಸಲು, ಕೆಲಸಗಳನ್ನು ತಾನಾಗಿ ನಡೆಸುವ ಮೈಕ್ರೋಸಾಫ್ಟ್ ಸಾಧನವಾದ ಪವರ್ ಆಟೊಮೇಟ್‌ನಲ್ಲಿ ಒಂದು ಫ್ಲೋ (ಹಂತಗಳ ಸರಣಿ) ಮಾಡಿದ್ದೇನೆ. ಪ್ರತಿ ಸಾಲಿನ ಹೆಸರು, ಮೊತ್ತಗಳನ್ನು ಎರಡು ವೇರಿಯಬಲ್‌ಗಳಿಗೆ (ಮೌಲ್ಯವನ್ನು ಹಿಡಿದಿಡುವ, ಹೆಸರಿಟ್ಟ ಜಾಗಗಳಿಗೆ) ತುಂಬಿ, ಅಲ್ಲಿಂದ ಇಮೇಲಿಗೆ ತೆಗೆದುಕೊಳ್ಳುತ್ತೇನೆ. ಕೆಲಸ ಬೇಗ ಮುಗಿಯಲೆಂದು, ಪ್ರತಿ ಸಾಲಿಗೂ ಅದೇ ಹಂತಗಳನ್ನು ಮತ್ತೆ ನಡೆಸುವ ಲೂಪಿನಲ್ಲಿ ಕನ್‌ಕರೆನ್ಸಿ (ಹಲವು ಸಾಲುಗಳನ್ನು ಏಕಕಾಲಕ್ಕೆ ನಡೆಸುವ ಆಯ್ಕೆ) ಆನ್ ಮಾಡಿದಂದಿನಿಂದ ಒಬ್ಬರ ಬಾಕಿ ಮೊತ್ತ ಮತ್ತೊಬ್ಬರಿಗೆ ಹೋಗುತ್ತಿದೆ. ವೇರಿಯಬಲ್‌ಗಳನ್ನು ಲೂಪಿನೊಳಗೇ ಇನಿಶಿಯಲೈಸ್ ಮಾಡಲು (ಮೊದಲಿಗೆ ಸೃಷ್ಟಿಸಲು) ಹೋದರೆ ಆಗುತ್ತಿಲ್ಲ. ದಾರಿ ಏನು?
— ಓದುಗರು, ಧಾರವಾಡ

ಉತ್ತರ: ಮೊದಲು ಆ ಫ್ಲೋವನ್ನು ಆಫ್ ಮಾಡಿ, ತಪ್ಪು ಮೊತ್ತ ಹೋಗಿರುವ ವಿದ್ಯಾರ್ಥಿಗಳಿಗೆ ಇಂದೇ ತಿದ್ದುಪಡಿ ಕಳುಹಿಸಿ. ಒಂದು ಮನೆಯ ಹಣದ ವಿಷಯ ಇನ್ನೊಂದು ಮನೆಗೆ ತಿಳಿಯುವುದು ಸಣ್ಣ ಸಂಗತಿಯಲ್ಲ.

ಪವರ್ ಆಟೊಮೇಟ್‌ನಲ್ಲಿ ವೇರಿಯಬಲ್ ಎಂಬುದು ಲೂಪಿನ ಒಂದು ಸುತ್ತಿಗೆ ಸೇರಿದ್ದಲ್ಲ, ಇಡೀ ಫ್ಲೋವಿಗೆ ಸೇರಿದ್ದು. ಆದ್ದರಿಂದಲೇ ಅದನ್ನು ಲೂಪ್, ಕಂಡಿಷನ್ (ಷರತ್ತಿನ ಹಂತ) ಅಥವಾ ಹಂತಗಳನ್ನು ಗುಂಪಾಗಿಸುವ ಸ್ಕೋಪ್‌ಗಳ ಹೊರಗೆ, ಫ್ಲೋವಿನ ಮೇಲ್ಮಟ್ಟದಲ್ಲಿ ಮಾತ್ರ ಇನಿಶಿಯಲೈಸ್ ಮಾಡಲು ಸಾಧ್ಯ. ‘ಅಪ್ಲೈ ಟು ಈಚ್’ ಲೂಪು ತಾನಾಗಿ ಸಾಲುಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಕನ್‌ಕರೆನ್ಸಿ ಆನ್ ಮಾಡಿದರೆ ಏಕಕಾಲಕ್ಕೆ 50 ಸುತ್ತುಗಳವರೆಗೆ ನಡೆಸಬಹುದು. ಕಚೇರಿಯಲ್ಲಿರುವ ಒಂದೇ ಸ್ಲೇಟಿನ ಮೇಲೆ ಇಪ್ಪತ್ತು ಗುಮಾಸ್ತರು ಒಟ್ಟಿಗೆ ಬರೆದು ಅಳಿಸುತ್ತಿದ್ದರೆ, ನೀವು ಓದುವ ಹೊತ್ತಿಗೆ ಅಲ್ಲಿ ಯಾರ ಬರಹ ಉಳಿದಿರುತ್ತದೆ ಎಂದು ಹೇಳಲಾಗದು. ನಿಮ್ಮ ಫ್ಲೋವಿನಲ್ಲಿ ಆಗುತ್ತಿರುವುದು ಇದೇ: ಒಂದು ಸುತ್ತು ಮೊತ್ತವನ್ನು ತುಂಬಿ ಇಮೇಲ್ ಹಂತಕ್ಕೆ ಬರುವಷ್ಟರಲ್ಲಿ ಮತ್ತೊಂದು ಸುತ್ತು ಅದರ ಮೇಲೆ ತನ್ನ ಮೊತ್ತವನ್ನು ಬರೆದುಬಿಟ್ಟಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ವೇರಿಯಬಲ್ ಬೇಕಾಗಿಯೇ ಇಲ್ಲ. ಆಯಾ ಸಾಲಿನ ಹೆಸರು, ಮೊತ್ತಗಳನ್ನು, ಹಿಂದಿನ ಹಂತಗಳು ಕೊಟ್ಟ ಮೌಲ್ಯಗಳ ಪಟ್ಟಿಯಾದ ಡೈನಾಮಿಕ್ ಕಂಟೆಂಟ್‌ನಿಂದ ನೇರವಾಗಿ ಇಮೇಲಿಗೆ ಎಳೆದುಕೊಳ್ಳಿ. ಮೊತ್ತಕ್ಕೆ ದಂಡ ಸೇರಿಸುವಂತಹ ಲೆಕ್ಕವಿದ್ದರೆ ಲೂಪಿನೊಳಗೆ, ಲೆಕ್ಕ ಮಾಡಿ ಫಲಿತಾಂಶವನ್ನು ಇಟ್ಟುಕೊಳ್ಳುವ ‘ಕಂಪೋಸ್’ ಹಂತವನ್ನು ಬಳಸಿ. ಅದರ ಫಲಿತಾಂಶ ಆಯಾ ಸುತ್ತಿಗಷ್ಟೇ ಸೇರಿರುವುದರಿಂದ, ಎಷ್ಟು ಸುತ್ತುಗಳು ಒಟ್ಟಿಗೆ ನಡೆದರೂ ಬೆರಕೆಯಾಗುವುದಿಲ್ಲ. ಎಕ್ಸೆಲ್ ಕನೆಕ್ಟರ್ (ಫ್ಲೋವಿಗೆ ಎಕ್ಸೆಲ್‌ನಿಂದ ಮಾಹಿತಿ ತರುವ ಕೊಂಡಿ) ಅಂಕಿಗಳನ್ನೂ ಪಠ್ಯವಾಗಿಯೇ ಕೊಡುತ್ತದೆಯಾದ್ದರಿಂದ, ಕೂಡುವ ಮೊದಲು ಮೊತ್ತವನ್ನು ‘ಫ್ಲೋಟ್’ ಫಂಕ್ಷನ್‌ನಿಂದ ಸಂಖ್ಯೆಯಾಗಿ ಬದಲಾಯಿಸಿಕೊಳ್ಳಿ.

ಒಟ್ಟು ಬಾಕಿ ಎಷ್ಟು ಎಂಬಂತಹ, ಸುತ್ತಿನಿಂದ ಸುತ್ತಿಗೆ ಬೆಳೆಯುವ ಲೆಕ್ಕಕ್ಕೆ ವೇರಿಯಬಲ್ ಸರಿಯಾದ ಸಾಧನ. ಆದರೆ ಅದನ್ನು ಕನ್‌ಕರೆನ್ಸಿ ಇಲ್ಲದ ಪ್ರತ್ಯೇಕ ಲೂಪಿನಲ್ಲಿ ಮಾಡಿ.

ಶುಲ್ಕ ಕಟ್ಟಲು ಕೊನೆಯ ದಿನ, ಕಚೇರಿಯ ಇಮೇಲ್ ವಿಳಾಸಗಳಂತಹ ಸ್ಥಿರ ಮೌಲ್ಯಗಳನ್ನು ಹಲವು ಕಡೆ ಟೈಪ್ ಮಾಡಿದ್ದರೆ ಅವನ್ನೂ ಈಗಲೇ ಒಂದೆಡೆಗೆ ತನ್ನಿ. ಫ್ಲೋವನ್ನು ಸಲ್ಯೂಷನ್ (ಫ್ಲೋ ಮತ್ತು ಅದರ ಸಂಬಂಧಿ ಭಾಗಗಳನ್ನು ಒಟ್ಟಿಗೆ ಇಡುವ ಕಟ್ಟು) ಒಳಗೆ ಇಟ್ಟು, ಅವುಗಳನ್ನು ಫ್ಲೋವಿನ ಹೊರಗೆ ಉಳಿಯುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ ಮಾಡಿಕೊಂಡರೆ, ಮುಂದಿನ ವರ್ಷ ಫ್ಲೋವಿನ ಹಂತಗಳನ್ನು ಮುಟ್ಟದೆಯೇ ದಿನಾಂಕ ಬದಲಿಸಬಹುದು. ಫ್ಲೋವನ್ನು ಮತ್ತೆ ಆನ್ ಮಾಡುವ ಮುನ್ನ, ಹತ್ತು ಸಾಲುಗಳ ಪ್ರಾಯೋಗಿಕ ಪಟ್ಟಿಯೊಂದರಲ್ಲಿ ಎಲ್ಲ ವಿಳಾಸಗಳ ಜಾಗಕ್ಕೂ ನಿಮ್ಮ ವಿಳಾಸವನ್ನೇ ಹಾಕಿ, ಬಂದ ಪ್ರತಿ ಇಮೇಲನ್ನೂ ಪಟ್ಟಿಯೊಂದಿಗೆ ಹೋಲಿಸಿ ನೋಡಿ.