ಟ್ರಂಕ್ ಕೊಟ್ಟರು, ಮಾತು ಕೊಡಲಿಲ್ಲ

ಪ್ರಶ್ನೆ: ನಮ್ಮೂರ ಶಾಲೆಯ ಹಳೇ ಕೋಣೆಯಲ್ಲಿ ಮಾಜಿ ಸೈನಿಕರ ಬಗ್ಗೆ ಚಿಕ್ಕ ಮ್ಯೂಸಿಯಂ ಮಾಡುತ್ತಿದ್ದೇವೆ. ಊರಲ್ಲಿ ಹನ್ನೊಂದು ಮಂದಿ ಇದ್ದಾರೆ. ಎಲ್ಲರನ್ನೂ ಉದ್ಘಾಟನೆಗೆ ಕರೆದು ಶಾಲು ಹೊದಿಸೋದು ಅಂತ ತೀರ್ಮಾನವಾಗಿದೆ. ಆದರೆ 1971ರ ಯುದ್ಧದಲ್ಲಿದ್ದ ಒಬ್ಬ ಅಜ್ಜ "ಟ್ರಂಕ್ ಒಯ್ಯಿರಿ, ನನ್ನ ಏನೂ ಕೇಳಬ್ಯಾಡ್ರಿ" ಅಂತಾರೆ. ಒತ್ತಾಯ ಮಾಡಬಹುದಾ?
– ಓದುಗ, ಗೋಕಾಕ ತಾಲೂಕು

ಉತ್ತರ: ಬೇಡವೇ ಬೇಡ. ಶಾಲಿನ ಮಾತು ಆಮೇಲೆ. ಎಲ್ಲ ನೀವೇ ತೀರ್ಮಾನ ಮಾಡಿ ಕೊನೆಗೆ ಅವರನ್ನು ಅತಿಥಿಗಳ ಹಾಗೆ ಕರೆಯುತ್ತಿದ್ದೀರಿ, ಅಲ್ವಾ? ಗೋಡೆ ಖಾಲಿ ಇರುವಾಗಲೇ ಇಬ್ಬರು ಮೂವರನ್ನಾದರೂ ಸಮಿತಿಗೆ ಸೇರಿಸಿಕೊಳ್ಳಿ. ಏನು ಇಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಇಡಬಾರದು ಅನ್ನೋದನ್ನ ಅವರೇ ಹೇಳಲಿ.

ಯುದ್ಧದ ದೊಡ್ಡ ಕಥೆ ನಿಮಗೆ ಬೇಡ. ಬೆಳಗಾವಿಯಲ್ಲಿ ಸೇನೆಯ ಮರಾಠಾ ಲೈಟ್ ಇನ್ಫಂಟ್ರಿ ರೆಜಿಮೆಂಟಿನ ಸೆಂಟರೇ ಇದೆ, ಆ ರೆಜಿಮೆಂಟಿನ ಬೇರು 1768ಕ್ಕೆ ಹೋಗುತ್ತದೆ. 1971ರಲ್ಲಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ ನಡೆದ ಕಾಳಗ, ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಅದರ ಇಬ್ಬರು ಸೈನಿಕರಿಗೆ ಬಂದ ವಿಕ್ಟೋರಿಯಾ ಕ್ರಾಸ್ ಅನ್ನೋ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ, ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರೋದು ನಿಮ್ಮೂರಿನದು. ಗಂಡನ ವಿಳಾಸ ಅಂದರೆ ಬರೀ '56 ಎಪಿಒ' ಅನ್ನೋ ಸೇನೆಯ ಅಂಚೆ ನಂಬರು, ಅವರು ಯಾವ ಊರಲ್ಲಿದ್ದಾರೋ ಗೊತ್ತಿಲ್ಲದೆ ಪೋಸ್ಟಿನವನ ದಾರಿ ಕಾಯುತ್ತಾ ಹೊಲ, ಮಕ್ಕಳು, ಅತ್ತೆ ಎಲ್ಲ ನೋಡಿಕೊಂಡ ಅಜ್ಜಿಯಂದಿರು ಇನ್ನೂ ಇರಬೇಕು. ಅವರನ್ನೂ ಕೂರಿಸಿ. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ.

ಮಾತಾಡಿಸುವಾಗ ಇಬ್ಬರು ಮಾಜಿ ಸೈನಿಕರನ್ನು ಒಟ್ಟಿಗೆ ಕೂರಿಸಿ, ಮೊಬೈಲ್ ಕಿಸೆಯಲ್ಲೇ ಇರಲಿ. ಒಬ್ಬರು ಇಸವಿ ತಪ್ಪಿದರೆ ಇನ್ನೊಬ್ಬರು ಸುಮ್ನಿರಲ್ಲ, ಅಲ್ಲಿಂದ ಮಾತು ಹರಿಯುತ್ತೆ. ರೆಕಾರ್ಡಿಂಗ್ ಎರಡನೇ ಸಲಕ್ಕೆ, ಅದೂ ಕೇಳಿಯೇ. ವಸ್ತುಗಳ ಪಕ್ಕ ಇಡುವ ಚೀಟಿಯ ಮೇಲೆ ಬರೆದಿದ್ದನ್ನು ಪ್ರಿಂಟ್ ಹಾಕಿಸುವ ಮೊದಲು ಅವರಿಗೇ ಓದಿ ಹೇಳಿ. 'ವೀರ', 'ಕೆಚ್ಚೆದೆ' ಅಂತೆಲ್ಲ ನೀವು ಸೇರಿಸಿದ್ದನ್ನ ಅವರೇ ಹೊಡೆದು ಹಾಕ್ತಾರೆ, ಹಾಕಲಿ.

ಪದಕಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಅಕ್ಷರದಲ್ಲಿ ನಂಬರು, ಹೆಸರು ಕೊರೆದಿರುತ್ತೆ. ತಿಕ್ಕುತ್ತಾ ಹೋದರೆ ಅದೇ ಸವೆಯೋದು. ಮನೆಯವರಿಗೆ ಕೊಡಲು ಮನಸ್ಸಿಲ್ಲದಿದ್ದರೆ ಫೋಟೋ ಸಾಕು. ಕೊಟ್ಟವರಿಗೆ ರಸೀದಿ ಬರೆದುಕೊಡಿ, ಯಾವಾಗ ಕೇಳಿದರೂ ವಾಪಸ್ ಅಂತ. ಯಾರಾದರೂ ನೆನಪಿಗೆ ಅಂತ ಹಳೇ ಶೆಲ್, ಗ್ರೆನೇಡ್ ತಂದರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ.

ಇನ್ನು ಆ ಅಜ್ಜ. ಟ್ರಂಕ್ ಕೊಟ್ಟಿದ್ದೇ ದೊಡ್ಡದು. ಅದಕ್ಕೆ ಹೊಸ ಬಣ್ಣ ಬಳಿಯಬೇಡಿ, ಬಿಳಿ ಬಣ್ಣದಲ್ಲಿ ಬರೆದ ಹೆಸರು, ನಂಬರು ಮಾಸಿದ್ದರೆ ಮಾಸಿದ ಹಾಗೇ ಇರಲಿ. ಯುದ್ಧದ ಬಗ್ಗೆ ಏನೂ ಕೇಳಬೇಡಿ. "ಅಜ್ಜಾರ, ಇದನ್ನ ಬಾಗಿಲ ಹತ್ರ ಇಡೋಣೋ, ಕಿಟಕಿ ಹತ್ರ ಇಡೋಣೋ?" ಅಂತ ಅಷ್ಟೇ ಕೇಳಿ.